ಸಹಾಯ ಬೇಕು: ದುಬೈಗೆ ಪಂಪ್ ಕಳಿಸಲು ಅಮೆರಿಕದ ಲೈಸೆನ್ಸ್ ಬೇಕಾ?

ಎಲ್ಲರಿಗೂ ನಮಸ್ಕಾರ. ಪೀಣ್ಯದಲ್ಲಿ ನಮ್ಮದು ಪಂಪ್ ಮಾಡುವ ಸಣ್ಣ ಘಟಕ. ದುಬೈನ ವ್ಯಾಪಾರಿಯೊಬ್ಬರು 4 ಲಕ್ಷದ ಪಂಪ್ ಕೇಳಿದ್ದಾರೆ. ಮಾತಿನ ಮಧ್ಯೆ, ಸುಮ್ನೆ ಅನ್ನೋ ಹಾಗೆ, ಅದು ಇರಾನಿಗೆ ಹೋಗುತ್ತದೆ ಎಂದರು. ಅಲ್ಲಿಂದ ನಿದ್ದೆ ಕೆಟ್ಟಿದೆ.

ಡಿಜಿಎಫ್‌ಟಿಯ (ನಮ್ಮ ವಿದೇಶ ವ್ಯಾಪಾರ ನಿರ್ದೇಶನಾಲಯ) ಸ್ಕಾಮೆಟ್ ಪಟ್ಟಿ, ಅಂದರೆ ರಫ್ತಿಗೆ ಅನುಮತಿ ಬೇಕಾದ ಸರಕುಗಳ ಪಟ್ಟಿ ನೋಡಿದೆ, ನಮ್ಮ ಪಂಪ್ ಅದರಲ್ಲಿಲ್ಲ. ಆದರೆ ಒಳಗಿನ ಸೆನ್ಸರ್ ಅಮೆರಿಕದ್ದು, ಬೆಲೆ 48 ಸಾವಿರ. ಅಂದರೆ ಶೇ 12. ಬೇರೆ ದೇಶದಲ್ಲಿ ಮಾಡಿದ ಸರಕಾದರೂ, ಅದರ ಬೆಲೆಯಲ್ಲಿ ಅಮೆರಿಕದ ಭಾಗದ ಪಾಲು ಮಿತಿ ದಾಟಿದರೆ ಅಮೆರಿಕದ ರಫ್ತು ನಿಯಮ ಅನ್ವಯಿಸುತ್ತದೆ. ಹೆಚ್ಚಿನ ದೇಶಗಳಿಗೆ ಆ ಮಿತಿ ಶೇ 25, ಇರಾನಿಗೆ ಶೇ 10 ಮಾತ್ರ. ಸೆನ್ಸರ್ ಕಾಗದದಲ್ಲಿ 'ಇಎಆರ್99' ಎಂದಿದೆ, ಅಂದರೆ ಅಮೆರಿಕದ ರಫ್ತು ನಿಯಂತ್ರಣ ಪಟ್ಟಿಯಲ್ಲಿ ಹೆಸರಿಲ್ಲದ ಸಾಮಾನ್ಯ ಸರಕು. ಕ್ಲಿಯರಿಂಗ್ ಏಜೆಂಟ್ ಕೇಳಿದರೆ 'ದುಬೈ ಬಿಲ್ ತಾನೆ, ಬಿಡಿ ಸಾರ್' ಅಂತಾರೆ. ಬಿಡೋಕಾಗುತ್ತಾ?

ಆ ಶೇ 10ರ ಲೆಕ್ಕಕ್ಕೆ ಇಎಆರ್99 ಭಾಗವೂ ಸೇರುತ್ತದಾ, ಅಥವಾ ನಿಯಂತ್ರಣ ಪಟ್ಟಿಯಲ್ಲಿರುವ ಭಾಗ ಮಾತ್ರವಾ? ಇಂಥದ್ದು ಕಳಿಸಿದವರು ಹೇಳ್ತೀರಾ?