ಟರ್ಮಿನಲ್‌ನಲ್ಲಿ ಕನ್ನಡ ಕಡತಗಳ ಹೆಸರು ಅಂಕಿಗಳಾಗಿ ಕಾಣುತ್ತಿದೆ

ಪ್ರಶ್ನೆ (ಡೊಂಬಿವಲಿ):
ಮುಂಬೈಯಲ್ಲಿ ನಡೆದ ಹಳೆಯ ತಾಳಮದ್ದಳೆಗಳ ಧ್ವನಿಮುದ್ರಿಕೆಗಳನ್ನು ಲಿನಕ್ಸ್ ಸರ್ವರ್‌ಗೆ ಏರಿಸುತ್ತಿದ್ದೇನೆ. ಪ್ರಸಂಗ, ಅರ್ಥಧಾರಿ, ಎಲ್ಲವೂ ಕಡತದ ಹೆಸರಿನಲ್ಲೇ ಇವೆ, ಕನ್ನಡದಲ್ಲಿ. ಸರ್ವರ್‌ನಲ್ಲಿ ಪಟ್ಟಿ ತೆಗೆದರೆ ಬರೀ \340\262 ಎಂಬಂಥ ಅಂಕಿಗಳು. ಹೆಸರುಗಳು ಹಾಳಾದವೇ? ಇವಕ್ಕೆ ಬೇರೆ ಪ್ರತಿ ಇಲ್ಲ.

ಉತ್ತರ (ಪುಣೆ, ಕೋಥರೂಡ್):
ಹಾಳಾಗಿಲ್ಲ, ಧೈರ್ಯವಾಗಿರಿ. ಯುಟಿಎಫ್-8ರಲ್ಲಿ (ಎಲ್ಲ ಭಾಷೆಗಳ ಅಕ್ಷರಗಳನ್ನೂ ಬೈಟ್‌ಗಳಾಗಿ ಬರೆದಿಡುವ ಕ್ರಮ) ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲನೆಯದು ಸದಾ \340, ಎರಡನೆಯದು \262 ಅಥವಾ \263. ನಿಮಗೆ ಕಾಣುತ್ತಿರುವುದು ಕನ್ನಡವೇ. ಸರ್ವರ್‌ನ ಲೋಕೇಲ್ (ಭಾಷೆ, ಲಿಪಿಗಳ ಹೊಂದಿಕೆ) ‘ಸಿ’ ಅಥವಾ ‘ಪಾಸಿಕ್ಸ್’ ಆಗಿರಬೇಕು. ಅದಕ್ಕೆ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳನ್ನು ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ‘ಲೋಕೇಲ್’ ಆದೇಶ ಕೊಟ್ಟು ನೋಡಿ, ‘ಲ್ಯಾಂಗ್’ (LANG) ಎಂಬ ಹೊಂದಿಕೆಯನ್ನು ‘ಸಿ.ಯುಟಿಎಫ್-8’ಕ್ಕೆ (C.UTF-8) ಬದಲಿಸಿ. ‘ಎಲ್‌ಸಿ_ಆಲ್’ (LC_ALL) ಎಂಬ ಹೊಂದಿಕೆಗೆ ಮೌಲ್ಯ ಕೊಟ್ಟಿದ್ದರೆ ಅದು ಉಳಿದೆಲ್ಲವನ್ನೂ ತುಳಿದುಹಾಕುತ್ತದೆ, ಮೊದಲು ಅದನ್ನು ತೆಗೆಯಿರಿ. ದಯವಿಟ್ಟು ಅಲ್ಲಿಯವರೆಗೆ ಯಾವ ಕಡತದ ಹೆಸರನ್ನೂ ‘ಸರಿಪಡಿಸಲು’ ಹೋಗಬೇಡಿ.

ಉತ್ತರ (ಮಡಗಾಂವ್):
ಅದಾದ ಮೇಲೂ ಒತ್ತಕ್ಷರಗಳು ಒಡೆದು ಕಾಣಬಹುದು. ‘ಕ್ಷ’ ಎಂದರೆ ಮೂರು ಸಂಕೇತ, ಆದರೆ ಟರ್ಮಿನಲ್ ಅಗಲವನ್ನು ಸಮ ಅಗಲದ ಮನೆಗಳಲ್ಲಿ ಎಣಿಸುತ್ತದೆ. ಅದು ಚಿತ್ರಣದ ದೋಷ, ಲೋಕೇಲ್‌ನದಲ್ಲ. ‘ಕಾನ್ಸೋಲ್’ (Konsole) ಎಂಬ ಟರ್ಮಿನಲ್ ತಂತ್ರಾಂಶದಲ್ಲೊಮ್ಮೆ ತೆರೆದು ನೋಡಿ. ಗ್ರಾಫಿಕ್ಸ್ ಇಲ್ಲದ ಲಿನಕ್ಸ್ ಪರದೆಯಲ್ಲಿ ಮಾತ್ರ ಆಸೆ ಬೇಡ. ಅದರ ಫಾಂಟ್‌ಗೆ 512 ಆಕೃತಿಗಳೇ ಮಿತಿ.

ಪ್ರಶ್ನೆ ಕೇಳಿದವರು:
‘ಎಲ್‌ಸಿ_ಆಲ್’ ತೆಗೆದೆ. ‘ಕರ್ಣಭೇದನ’ ಸ್ಪಷ್ಟವಾಗಿ ಕಾಣುತ್ತಿದೆ. ಇಬ್ಬರಿಗೂ ಕೃತಜ್ಞತೆಗಳು.