ಚಷ್ಮಾ ಹಾಕಿಕೊಂಡೇ ಟೆಲಿಸ್ಕೋಪ್ ನೋಡಬೇಕಾ? ಐಪೀಸ್ ಆಯ್ಕೆಯ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಹೈಸ್ಕೂಲ್ ಮಾಸ್ತರು, ಧಾರವಾಡ): ನಮಸ್ಕಾರ ಮೇಡಂ. ನೀವು ಕಣ್ಣು ಪರೀಕ್ಷೆ ಮಾಡುವವರು, ಜೊತೆಗೆ ಟೆಲಿಸ್ಕೋಪ್ ಹುಚ್ಚೂ ಇದೆ ಅಂತ ಗುಂಪಿನಲ್ಲಿ ಹೇಳಿದರು. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ. ನಮ್ಮ ಶಾಲೆಯಲ್ಲಿ 130 ಮಿಮೀ ಕನ್ನಡಿಯ ಡಾಬ್ಸೋನಿಯನ್ ಟೆಲಿಸ್ಕೋಪ್ ಇದೆ, ಫೋಕಲ್ ಲೆಂಗ್ತ್ (ಕನ್ನಡಿಯಿಂದ ಬಿಂಬ ಮೂಡುವಲ್ಲಿಗೆ ಇರುವ ದೂರ) 650 ಮಿಮೀ. ಅದರ ಜೊತೆ 25 ಮತ್ತು 10 ಮಿಮೀ ಐಪೀಸ್ (ಕಣ್ಣಿಟ್ಟು ನೋಡುವ, ಬದಲಿಸಬಹುದಾದ ಲೆನ್ಸ್) ಬಂದಿವೆ. ಚಷ್ಮಾ ಹಾಕಿಕೊಂಡು 10ರಲ್ಲಿ ನೋಡಿದರೆ ನಡುವೆ ಸಣ್ಣ ಬಿಲ್ಲೆಯಷ್ಟೇ ಕಾಣುತ್ತದೆ. ಚಷ್ಮಾ ತೆಗೆದರೆ 25ರಲ್ಲಿ ನಕ್ಷತ್ರಗಳಿಗೆ ಬಾಲ ಬರುತ್ತದೆ. ಮಕ್ಕಳಿಗೆ ತೋರಿಸುವಾಗಂತೂ ಚಷ್ಮಾ ಇರುವ ಒಬ್ಬೊಬ್ಬರೂ ಫೋಕಸ್ ತಿರುವಿ ಹೋಗುತ್ತಾರೆ, ಹಿಂದಿನವರಿಗೆ ಎಲ್ಲ ಮಸಕು. ಈಗ ಒಂದು ಐಪೀಸ್‌ಗೆ ಆಗುವಷ್ಟು ದುಡ್ಡು ಮಂಜೂರಾಗಿದೆ. ಯಾವುದು ತಗೊಳ್ಳಲಿ?

ಉತ್ತರ (ಆಪ್ಟೋಮೆಟ್ರಿಸ್ಟ್, ಹುಬ್ಬಳ್ಳಿ): ಸರ್, ಐಪೀಸ್ ಆಮೇಲೆ. ಮೊದಲು ನಿಮ್ಮ ಚಷ್ಮಾ ಚೀಟಿಯಲ್ಲಿ ಏನಿದೆ ಹೇಳಿ. ಎರಡೂ ಕಣ್ಣಿಂದು ಬೇಕು. ‘ಸಿಲಿಂಡರ್’ ಅನ್ನುವ ಕಾಲಂ ಬಿಡಬೇಡಿ.

ಗದಗದಿಂದ ಒಬ್ಬರು: ಇದಕ್ಕೆಲ್ಲಾ ಚೀಟಿ ಯಾಕೆ ಅಕ್ಕಾ? ಚಷ್ಮಾ ತೆಗೆದಿಟ್ಟು ಫೋಕಸ್ ತಿರುವಿದರೆ ಮುಗೀತು. ನಾನು ಮೈನಸ್ 4, ಚಷ್ಮಾ ಇಲ್ಲದೇನೇ ನೋಡೋದು. ಏನೂ ತೊಂದರೆ ಇಲ್ಲ.

ಉತ್ತರ: ನಿಮಗೆ ಬರೀ ಮೈನಸ್ ಇರಬೇಕು, ಅದಕ್ಕೇ ತೊಂದರೆ ಇಲ್ಲ ಅಣ್ಣಾ. ಮೈನಸ್, ಪ್ಲಸ್ ಎರಡನ್ನೂ ಫೋಕಸ್ ಗುಂಡಿಯೇ ಸರಿ ಮಾಡುತ್ತದೆ. ಸಿಲಿಂಡರನ್ನು ಮಾಡುವುದಿಲ್ಲ. ಸಿಲಿಂಡರ್ ಅಂದರೆ ಕಣ್ಣಿನ ಮುಂಭಾಗದ ಬಾಗು ಎಲ್ಲಾ ದಿಕ್ಕಿಗೂ ಒಂದೇ ಸಮ ಇಲ್ಲ ಅಂತ. ಗುಂಡಿ ಒಳಗೆ ತಿರುವಿದರೆ ನಕ್ಷತ್ರ ಒಂದು ಕಡೆಗೆ ಉದ್ದವಾಗುತ್ತದೆ, ಹೊರಗೆ ತಿರುವಿದರೆ ಇನ್ನೊಂದು ಕಡೆಗೆ. ನಡುವೆ ಎಲ್ಲೂ ಚುಕ್ಕೆ ಆಗುವುದೇ ಇಲ್ಲ.

ಮಾಸ್ತರು: ಚೀಟಿ ಸಿಕ್ಕಿತು ಮೇಡಂ. ಬಲಗಣ್ಣು ಮೈನಸ್ 2.25, ಸಿಲಿಂಡರ್ ಮೈನಸ್ 1.50. ಎಡಗಣ್ಣು ಮೈನಸ್ 2.00, ಸಿಲಿಂಡರ್ ಮೈನಸ್ 0.50. ನೋಡುವುದು ಬಲಗಣ್ಣಿನಿಂದ.

ಉತ್ತರ: ಹಾಗಾದರೆ ದುಡ್ಡು ಖರ್ಚಿಲ್ಲದ ಮೊದಲ ಔಷಧ ಇದು ಸರ್: ಎಡಗಣ್ಣಿನಿಂದ ನೋಡಿ. ಆ ಕಣ್ಣಿನ ಸಿಲಿಂಡರ್ ಬಲಗಣ್ಣಿನದರ ಮೂರನೇ ಒಂದು ಭಾಗ. ಶುರುವಿನಲ್ಲಿ ಅಭ್ಯಾಸ ಇಲ್ಲದೆ ಕಸಿವಿಸಿ ಆಗುತ್ತದೆ, ಆಮೇಲೆ ಒಗ್ಗುತ್ತದೆ. ಬಲಗಣ್ಣನ್ನು ಬಿಗಿಯಾಗಿ ಮುಚ್ಚಬೇಡಿ, ಕೈ ಅಡ್ಡ ಹಿಡಿದರೆ ಸಾಕು. ಒಂದು ಕಣ್ಣು ಕಿವುಚಿದರೆ ಇನ್ನೊಂದೂ ದಣಿಯುತ್ತದೆ.

ಬಾಲ ಬರುವುದು ಕಣ್ಣಿನಿಂದಲೇ ಅಂತ ಖಾತ್ರಿ ಮಾಡಿಕೊಳ್ಳಬೇಕಾ? ಚಷ್ಮಾ ತೆಗೆದು ಒಂದು ಪ್ರಖರ ನಕ್ಷತ್ರ ನೋಡುತ್ತಾ ತಲೆಯನ್ನು ಓರೆ ಮಾಡಿ. ಬಾಲ ತಲೆಯ ಜೊತೆ ತಿರುಗಿದರೆ ದೋಷ ಕಣ್ಣಿನದು. ಐಪೀಸ್ ತಿರುಗಿಸಿದಾಗ ತಿರುಗಿದರೆ ಐಪೀಸಿನದು. ಎರಡಕ್ಕೂ ಅಲ್ಲಾಡದಿದ್ದರೆ ಕನ್ನಡಿಗಳ ಹೊಂದಾಣಿಕೆ ನೋಡಬೇಕು.

ಇನ್ನು 25ರಲ್ಲಿ ಬಾಲ ಯಾಕೆ ಜಾಸ್ತಿ ಅನ್ನುವುದು. ಹಗಲಲ್ಲಿ ಟೆಲಿಸ್ಕೋಪನ್ನು ಖಾಲಿ ಆಕಾಶಕ್ಕೆ ತಿರುಗಿಸಿ (ಸೂರ್ಯನ ಹತ್ತಿರಕ್ಕೂ ಬೇಡ), ಐಪೀಸಿನಿಂದ ಒಂದು ಅಡಿ ಹಿಂದೆ ಸರಿದು ನೋಡಿ. ಗಾಜಿನ ಮೇಲೆ ಒಂದು ಬೆಳ್ಳನೆ ಬಿಲ್ಲೆ ತೇಲಿದ ಹಾಗೆ ಕಾಣುತ್ತದೆ. ಅದೇ ಎಕ್ಸಿಟ್ ಪ್ಯೂಪಿಲ್. ಟೆಲಿಸ್ಕೋಪಿನ ಬೆಳಕೆಲ್ಲಾ ಆ ಬಿಲ್ಲೆಯಲ್ಲೇ ಹೊರಗೆ ಬರುವುದು. ಐಪೀಸಿನ ಮಿಮೀಯನ್ನು ಎಫ್ ನಂಬರಿನಿಂದ ಭಾಗಿಸಿದರೆ ಅದರ ಅಳತೆ. ಎಫ್ ನಂಬರ್ ಅಂದರೆ ಟೆಲಿಸ್ಕೋಪಿನ ಫೋಕಲ್ ಲೆಂಗ್ತ್ ಭಾಗಿಸು ಕನ್ನಡಿಯ ಅಗಲ. ನಿಮ್ಮದು 650 ಭಾಗಿಸು 130, ಎಫ್/5. ಹಾಗಾಗಿ 25ಕ್ಕೆ 5 ಮಿಮೀ, 10ಕ್ಕೆ 2 ಮಿಮೀ.

5 ಮಿಮೀ ಅಗಲದ ಬೆಳಕು ಒಳಗೆ ಹೋದರೆ ಕಣ್ಣಿನ ಓರೆಕೋರೆ ಎಲ್ಲಾ ಬಯಲಾಗುತ್ತದೆ. 2ಕ್ಕೆ ಬಂದರೆ ನಿಮ್ಮ ಬಲಗಣ್ಣಿಗೆ ಇನ್ನೂ ಸ್ವಲ್ಪ ಗೊತ್ತಾಗಬಹುದು. 1 ಮಿಮೀ ಹತ್ತಿರ ಬಂದರೆ ಬೆಳಕು ಕಣ್ಣಿನ ನಟ್ಟನಡುವಿನ ಚೂರು ಜಾಗದಿಂದ ಮಾತ್ರ ಹೋಗುತ್ತದೆ, ಸಿಲಿಂಡರ್ ಇರುವುದನ್ನೇ ಬಹುತೇಕ ಮರೆಯಬಹುದು. ಅಂದರೆ ಕಡಿಮೆ ವರ್ಧನೆಗೆ (ದೊಡ್ಡ ಮಿಮೀ ಐಪೀಸಿಗೆ) ಚಷ್ಮಾ ಬೇಕು, ಜಾಸ್ತಿ ವರ್ಧನೆಗೆ (ಸಣ್ಣ ಮಿಮೀಗೆ) ಬೇಡ. ಜನ ಮಾಡುವುದು ಇದರ ಉಲ್ಟಾ, ಗ್ರಹ ನೋಡುವಾಗಲೇ ಚಷ್ಮಾಕ್ಕೆ ಒದ್ದಾಡುತ್ತಾರೆ.

ರಾಣೆಬೆನ್ನೂರಿನಿಂದ: ಮೇಡಂ, ‘ಲಾಂಗ್ ಐ ರಿಲೀಫ್ 20 ಮಿಮೀ’ ಅಂತ ಬರೆದಿರ್ತಾರಲ್ಲ, ಅದು ಏನು? ನಿಜವಾಗಲೂ ಅಷ್ಟು ಬೇಕಾ, ಸುಮ್ನೆ ಮಾರೋ ಮಾತಾ?

ಉತ್ತರ: ಬೇಕು. ಐಪೀಸಿನ ಕೊನೆಯ ಗಾಜಿನಿಂದ ಎಷ್ಟು ದೂರದಲ್ಲಿ ಕಣ್ಣಿಟ್ಟರೆ ಪೂರ್ತಿ ನೋಟ ಸಿಗುತ್ತದೋ ಅದು ಐ ರಿಲೀಫ್. ಅದಕ್ಕಿಂತ ಹಿಂದೆ ಉಳಿದರೆ ಕೀಲಿಯ ತೂತಿನಲ್ಲಿ ದೂರದಿಂದ ಇಣುಕಿದ ಹಾಗೆ, ಅಂಚೆಲ್ಲಾ ಕತ್ತರಿಸಿ ಹೋಗುತ್ತದೆ. ಮಾಸ್ತರಿಗೆ ಕಂಡ ‘ಸಣ್ಣ ಬಿಲ್ಲೆ’ ಅದೇ.

ಈಗ ನನ್ನ ಕಸುಬಿನ ಲೆಕ್ಕ. ಚಷ್ಮಾ ಸರಿಯಾಗಿ ಕೂತಿದ್ದರೆ ಕಣ್ಣಿಗೂ ಗಾಜಿಗೂ ನಡುವೆ 12ರಿಂದ 14 ಮಿಮೀ ಇರುತ್ತದೆ. ಅದಕ್ಕೆ ಚಷ್ಮಾ ಗಾಜಿನ ದಪ್ಪ ಸೇರಿಸಿ. ಐಪೀಸಿನ ಗಾಜು ಅಂಚಿಗಿಂತ ಎರಡು ಮೂರು ಮಿಮೀ ಒಳಗೆ ಕೂತಿದ್ದರೆ ಅದನ್ನೂ ಸೇರಿಸಿ. 18ರ ಹತ್ತಿರ ಬಂದೇ ಬಂತು. ಹಾಗಾಗಿ ಚಷ್ಮಾದವರಿಗೆ 20 ಆರಾಮ, 15-16 ಅಂದರೆ ಮೂಗು ಒತ್ತಿ ಸಂಭಾಳಿಸಬಹುದು. ಅದಕ್ಕೂ ಕಡಿಮೆ ಇದ್ದರೆ ಕಷ್ಟ.

ಪ್ಲೋಸಲ್ ಅನ್ನುವ ಸಾಮಾನ್ಯ ವಿನ್ಯಾಸದ ಐಪೀಸುಗಳಲ್ಲಿ ಐ ರಿಲೀಫ್ ಅದರ ಫೋಕಲ್ ಲೆಂಗ್ತಿನ (ಮೇಲೆ ಬರೆದ ಮಿಮೀಯ) ಮುಕ್ಕಾಲು ಭಾಗದ ಆಸುಪಾಸು ಇರುತ್ತದೆ. 25ರದ್ದಾದರೆ 17-18, ಪರವಾಗಿಲ್ಲ. 10ರದ್ದಾದರೆ 7. 6ರದ್ದಾದರೆ ನಾಲ್ಕೂವರೆ, ಅಲ್ಲಿ ಚಷ್ಮಾ ಇರಲಿ, ರೆಪ್ಪೆಗೂದಲೇ ಗಾಜಿಗೆ ತಾಗಿ ಎಣ್ಣೆ ಮೆತ್ತುತ್ತದೆ.

ಪೆಟ್ಟಿಗೆ ಮೇಲಿನ ಅಂಕಿಯನ್ನು ನಂಬುವುದಕ್ಕಿಂತ ಅಳೆಯುವುದು ವಾಸಿ. ಟೆಲಿಸ್ಕೋಪಿನ ಬಾಯಿಯನ್ನು ಬೆಳಕಿರುವ ಗೋಡೆ ಕಡೆ ತಿರುಗಿಸಿ, ಐಪೀಸಿನ ಹಿಂದೆ ಬಿಳಿ ಕಾಗದ ಹಿಡಿಯಿರಿ. ಕಾಗದವನ್ನು ಹಿಂದೆ ಮುಂದೆ ಸರಿಸುತ್ತಾ ಹೋದರೆ ಒಂದು ಕಡೆ ಬೆಳಕಿನ ಬಿಲ್ಲೆ ಅಂಚು ಚೊಕ್ಕವಾಗಿ ಸಣ್ಣದಾಗುತ್ತದೆ. ಐಪೀಸಿನ ರಬ್ಬರ್ ಕಪ್ ಮಡಚಿ, ಅದರ ಅಂಚಿನಿಂದ ಕಾಗದದವರೆಗೆ ಸ್ಕೇಲ್ ಇಡಿ. ನಿಮ್ಮ ಚಷ್ಮಾಕ್ಕೆ ನಿಜವಾಗಿ ಸಿಗುವ ಜಾಗ ಅಷ್ಟೇ.

ಮಾಸ್ತರು: ಹಾಗಾದರೆ ನನಗೆ ಗ್ರಹಕ್ಕೆ ಚಷ್ಮಾ ಬೇಡ ಅಂದಮೇಲೆ ಐ ರಿಲೀಫಿಗೆ ಯಾಕೆ ದುಡ್ಡು ಕೊಡಲಿ? ಅಗ್ಗದ 6 ಮಿಮೀ ಪ್ಲೋಸಲ್ ಸಾಕಲ್ವಾ?

ಉತ್ತರ: ನಿಮ್ಮೊಬ್ಬರಿಗಾದರೆ ಸಾಕಿತ್ತು. ನಿಮ್ಮ ಹಿಂದೆ ಸಾಲಾಗಿ ಮಕ್ಕಳು ನಿಂತಿರುತ್ತಾರಲ್ಲ ಸರ್, ಅವರ ಸಲುವಾಗಿ ಹೇಳುತ್ತಿರುವುದು. ಎಲ್ಲರೂ ಅವರವರ ಚಷ್ಮಾ ಹಾಕಿಕೊಂಡೇ ನೋಡಿದರೆ, ಚಷ್ಮಾ ಇಲ್ಲದವರಿಗೂ ಇರುವವರಿಗೂ ಫೋಕಸ್ ಹತ್ತಿರ ಹತ್ತಿರ ಒಂದೇ. ನೀವು ಒಮ್ಮೆ ಚಷ್ಮಾ ಸಹಿತ ಫೋಕಸ್ ಮಾಡಿ ಬಿಟ್ಟರೆ ಸಾಲು ಸರಾಗ ಸಾಗುತ್ತದೆ. ಗುರು ಗ್ರಹ ನೋಟದಿಂದ ಜಾರಿ ಹೋದಾಗ ಕೊಳವೆ ತಳ್ಳುವುದಷ್ಟೇ ನಿಮ್ಮ ಕೆಲಸ. ಇನ್ನೊಂದು, ನಾಲ್ಕೂವರೆ ಮಿಮೀ ಹತ್ತಿರಕ್ಕೆ ಕಣ್ಣು ತರಲು ಮಕ್ಕಳು ಐಪೀಸನ್ನೇ ಕೈಯಿಂದ ಹಿಡಿಯುತ್ತಾರೆ. ಅಲ್ಲಿಗೆ ಗ್ರಹ ಮಾಯ.

ಹಾಗಾಗಿ ನನ್ನ ಸಲಹೆ: 25 ಇದ್ದದ್ದು ಇರಲಿ. ಹೊಸದು 6 ಮಿಮೀ ಆಸುಪಾಸಿನದು, ಐ ರಿಲೀಫ್ 15ಕ್ಕಿಂತ ಕಡಿಮೆ ಇಲ್ಲದ್ದು. 650 ಭಾಗಿಸು 6, ಅಂದರೆ 108 ಪಟ್ಟು. ಎಕ್ಸಿಟ್ ಪ್ಯೂಪಿಲ್ 1.2 ಮಿಮೀ. ಶನಿಯ ಬಳೆ, ಗುರುವಿನ ಪಟ್ಟೆ, ಚಂದ್ರನ ಕುಳಿ ಎಲ್ಲಕ್ಕೂ ಬರುತ್ತದೆ. ಚಿನ್ನದ ಬಣ್ಣದ ಗೆರೆ ಇರುವ, 66 ಡಿಗ್ರಿ (ಐಪೀಸಿನೊಳಗೆ ಕಾಣುವ ನೋಟದ ಅಗಲ) ಅಂತ ಬರೆದ ಚೀನಾ ಮಾಲಿನಲ್ಲಿ 6 ಮತ್ತು 9 ಮಿಮೀ ಸಿಗುತ್ತವೆ. ಐ ರಿಲೀಫ್ 15ರ ಹತ್ತಿರ ಅಂತ ಹಾಕಿರುತ್ತಾರೆ. ಅಂಚಿನಲ್ಲಿ ನಕ್ಷತ್ರ ಸ್ವಲ್ಪ ಎಳೆದ ಹಾಗೆ ಕಾಣುತ್ತದೆ, ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಸೆಲೆಸ್ಟ್ರಾನ್ ಎಕ್ಸ್-ಸೆಲ್ ಎಲ್‌ಎಕ್ಸ್ 60 ಡಿಗ್ರಿ, ಐ ರಿಲೀಫ್ 16 ಮಿಮೀ. ಕೈ ಇನ್ನೂ ಸಡಿಲ ಬಿಡಬಹುದಾದರೆ ವಿಕ್ಸೆನ್ ಎಸ್‌ಎಲ್‌ವಿ. ಅದರಲ್ಲಿ ಸಣ್ಣ ಫೋಕಲ್ ಲೆಂಗ್ತಿಗೂ 20 ಮಿಮೀ ಐ ರಿಲೀಫ್. ಟೆಲಿವ್ಯೂ ಡೆಲೈಟ್ ಕೂಡ 20, ಆದರೆ ಅದರ ಬೆಲೆಗೆ ಶಾಲೆಯ ಟೆಲಿಸ್ಕೋಪೇ ಇನ್ನೊಂದು ಬರಬಹುದು.

ರಾಣೆಬೆನ್ನೂರಿನಿಂದ: 8-24 ಮಿಮೀ ಝೂಮ್ ಐಪೀಸ್ ತಗೊಂಡರೆ ಒಂದರಲ್ಲೇ ಎಲ್ಲಾ ಬರ್ತದಲ್ಲ? ಮತ್ತೆ ಐಪೀಸಿಗೆ ಸೇರಿಸಿ ವರ್ಧನೆ ಹೆಚ್ಚಿಸೋ ಬಾರ್ಲೋ ಲೆನ್ಸ್?

ಉತ್ತರ: ಝೂಮ್ ಶಾಲೆಗೆ ಕೆಟ್ಟದ್ದಲ್ಲ. ಆದರೆ ಹೆಚ್ಚಿನವುಗಳಲ್ಲಿ 24ರ ಕಡೆ ನೋಟ 40 ಡಿಗ್ರಿಯಷ್ಟು ಕಿರಿದು, 8ರ ಕಡೆ 60. ಅಗಲ ಬೇಕಾದ ಕಡೆಯೇ ಕಿರಿದು. 24ರಲ್ಲಿ ವರ್ಧನೆ 27 ಪಟ್ಟು, 40 ಭಾಗಿಸು 27 ಅಂದರೆ ಆಕಾಶದಲ್ಲಿ ಒಂದೂವರೆ ಡಿಗ್ರಿಯಷ್ಟೇ. ಕೃತ್ತಿಕೆ ಪೂರ್ತಿ ಹಿಡಿಸುವುದಿಲ್ಲ, ಆ ಗುಂಪು ಹತ್ತಿರ ಹತ್ತಿರ 2 ಡಿಗ್ರಿ ಇದೆ.

ಬಾರ್ಲೋ ಬಗ್ಗೆ ಚಷ್ಮಾದವರು ಗಮನಿಸಬೇಕು. 25ಕ್ಕೆ 2 ಪಟ್ಟಿನ ಬಾರ್ಲೋ ಹಾಕಿದರೆ ಅದು 12.5ರ ಕೆಲಸ ಮಾಡುತ್ತದೆ, ಐ ರಿಲೀಫ್ ಮಾತ್ರ 25ರದ್ದೇ ಉಳಿಯುತ್ತದೆ, ಸ್ವಲ್ಪ ಜಾಸ್ತಿಯೂ ಆಗಬಹುದು. ಕಡಿಮೆ ಖರ್ಚಿನ ಉಪಾಯ. 4 ಮಿಮೀಗೆ ಬಾರ್ಲೋ ಹಾಕುವ ಆಸೆ ಮಾತ್ರ ಬೇಡ. ಈ ಟೆಲಿಸ್ಕೋಪಿನಲ್ಲಿ ಅದು 325 ಪಟ್ಟು. 130 ಮಿಮೀ ಕನ್ನಡಿಗೆ 260ರ ಮೇಲೆ ಹೊಸದೇನೂ ಕಾಣದು, ಕಣ್ಣೊಳಗೆ ತೇಲುವ ಎಳೆಗಳು ಮಾತ್ರ ಚೆನ್ನಾಗಿ ಕಾಣುತ್ತವೆ.

ಗದಗದಿಂದ: ಅಕ್ಕಾ, ಸೋತೆ. 😀 ನನ್ನದೂ ಒಂದು ಪ್ರಶ್ನೆ. ಅಪ್ಪಾಜಿಗೆ ಅರವತ್ತೆರಡು, ಪ್ರೋಗ್ರೆಸಿವ್ ಚಷ್ಮಾ (ದೂರದ್ದು, ಓದುವುದು ಒಂದೇ ಗಾಜಿನಲ್ಲಿ), ಸಿಲಿಂಡರೂ ಇದೆ. ಕಪ್ಪತಗುಡ್ಡದ ಕಡೆ ಕತ್ತಲೆ ಚೆನ್ನಾಗಿದೆ. ಮೇ ತಿಂಗಳಲ್ಲಿ ಒಮೆಗಾ ಸೆಂಟಾರಿ (ನಕ್ಷತ್ರಗಳ ದಟ್ಟ ಗುಂಪು) ತೋರಿಸಬೇಕು ಅಂತಿದ್ದೇನೆ. ನಂದೂ 130ರದ್ದೇ. 32 ಮಿಮೀ ತಗೊಳ್ಳಲಾ?

ಉತ್ತರ: ಒಳ್ಳೆ ಆಯ್ಕೆ. ನಮ್ಮ ಕಡೆಯಿಂದ ಅದು ದಕ್ಷಿಣ ದಿಗಂತದ ಮೇಲೆ 27 ಡಿಗ್ರಿವರೆಗೆ ಏರುತ್ತದೆ, ಉತ್ತರ ಭಾರತದವರಿಗೆ ಇಷ್ಟು ಎತ್ತರದಲ್ಲಿ ಕಾಣುವ ಭಾಗ್ಯ ಇಲ್ಲ. ಆದರೆ 32 ಬೇಡ. ಎಫ್/5ರಲ್ಲಿ ಅದರ ಎಕ್ಸಿಟ್ ಪ್ಯೂಪಿಲ್ 6.4 ಮಿಮೀ. ವಯಸ್ಸಾದ ಮೇಲೆ ಕತ್ತಲಲ್ಲೂ ಕಣ್ಣಿನ ಪಾಪೆ ಸಾಮಾನ್ಯವಾಗಿ ಅಷ್ಟು ಅಗಲ ಆಗುವುದಿಲ್ಲ, ಉಳಿದ ಬೆಳಕು ಹೊರಗೇ ಚೆಲ್ಲುತ್ತದೆ. 15ರಿಂದ 20ರ ಒಳಗೆ, ಐ ರಿಲೀಫ್ ಧಾರಾಳ ಇರುವುದು ನೋಡಿ. ಆ ಗುಂಪಿನ ನಕ್ಷತ್ರಗಳು ಪುಡಿಪುಡಿಯಾಗಿ ಬಿಡಿಸಿ ಕಾಣಬೇಕಾದರೂ ಅಷ್ಟು ವರ್ಧನೆ ಬೇಕು.

ಪ್ರೋಗ್ರೆಸಿವ್‌ನಲ್ಲಿ ದೂರದ ನಂಬರ್ ಇರುವುದು ಮೇಲ್ಭಾಗದಲ್ಲಿ. ತಲೆ ಸ್ವಲ್ಪ ಅಲ್ಲಾಡಿದರೂ ಫೋಕಸ್ ಹೋಗುತ್ತದೆ. ಬರೀ ದೂರದ ನಂಬರಿನ ಸಾದಾ ಚಷ್ಮಾ ಒಂದು ಮಾಡಿಸಿ, ಕಡಿಮೆ ದುಡ್ಡಿನ ಫ್ರೇಮ್ ಸಾಕು. ಓದುವ ನಂಬರ್ ಬೇಕಾಗಿಲ್ಲ. ಐಪೀಸಿನಲ್ಲಿ ಕಾಣುವ ಬಿಂಬ ಕಣ್ಣಿಗೆ ದೂರದ ವಸ್ತುವಿನಂತೆಯೇ ಬರುತ್ತದೆ.

ಮಾಸ್ತರು: ಕೊನೆಯದು ಮೇಡಂ. ಚಷ್ಮಾಕ್ಕೆ ಗೀರು ಬೀಳುವುದಿಲ್ವಾ? ಒರೆಸುವುದು ಹೇಗೆ?

ಉತ್ತರ: ರಬ್ಬರ್ ಕಪ್ಪನ್ನು ಹಿಂದಕ್ಕೆ ಮಡಚಿದರೆ ಚಷ್ಮಾ ತಾಗುವುದು ರಬ್ಬರಿಗೇ. ತಿರುವಿ ಏರಿಸುವ ಕಪ್ ಇದ್ದರೆ ಪೂರ್ತಿ ಇಳಿಸಿ. ಬರೀ ಲೋಹದ ಅಂಚಿನ ಐಪೀಸ್ ಆದರೆ ಗೀರು ಗ್ಯಾರಂಟಿ. ಐಪೀಸ್ ಗಾಜಿನ ಮೇಲೆ ಧೂಳು ಕೂತರೆ ಮೊದಲು ರಬ್ಬರ್ ಬ್ಲೋವರಿನಿಂದ ಊದಿ, ಬಾಯಿಂದ ಬೇಡ, ಉಗುಳಿನ ಹನಿ ಕೂರುತ್ತದೆ. ರೆಪ್ಪೆಯ ಎಣ್ಣೆ ಮೆತ್ತಿದ್ದರೆ ಮಾತ್ರ ಲೆನ್ಸ್ ದ್ರಾವಣವನ್ನು ಮೆತ್ತನೆ ಬಟ್ಟೆಗೆ ಹಾಕಿ ಹಗುರಾಗಿ ಒರೆಸಿ, ನೇರ ಗಾಜಿಗೆ ಹಾಕಬೇಡಿ. ಅಂಗಿ ಚುಂಗು, ಕರವಸ್ತ್ರ ಎರಡೂ ಬೇಡ.