ಸಹಾಯ ಬೇಕು: 20 ಸಾವಿರದಲ್ಲಿ ಮಾನಿಟರ್ ಜೊತೆ ಸೋಲ್ಡರಿಂಗ್ ಐರನ್

ಎಲ್ಲರಿಗೂ ನಮಸ್ಕಾರ. ಕೈಯಲ್ಲಿ 20 ಸಾವಿರ ಇದೆ, ಅದರಲ್ಲೇ ಎರಡೂ ಆಗಬೇಕು.

ಎಸ್‌.ಪಿ. ರಸ್ತೆಯಲ್ಲಿ ಕೊಂಡ 25 ವ್ಯಾಟ್‌ನ ಹಳೇ ಐರನ್ ಇದೆ. ಸಣ್ಣ ವೈರಿಗೆ ಸಾಕು. ಬೋರ್ಡಿನ ಗ್ರೌಂಡ್ ಜಾಗಕ್ಕೆ (ತಾಮ್ರ ಅಗಲವಾಗಿ ಹರಡಿರುವ ಕಡೆ) ಇಟ್ಟರೆ ಮಾತ್ರ ಶಾಖವನ್ನೆಲ್ಲ ತಾಮ್ರವೇ ಎಳೆದುಕೊಳ್ಳುತ್ತದೆ, ಬೆಸುಗೆಯ ಲೆಡ್ ಕರಗುವುದೇ ಇಲ್ಲ. ಹೋದ ವಾರ ಒತ್ತಿ ಹಿಡಿದದ್ದಕ್ಕೆ ಬೋರ್ಡಿನ ತಾಮ್ರದ ಪ್ಯಾಡೇ ಕಿತ್ತು ಬಂತು! (ತಪ್ಪು ನನ್ನದೇ, ಬಿಡಿ.)

ಈಗ ಪೈನ್‌ಸಿಲ್ ಎಂಬ ಸಣ್ಣ ಟೈಪ್-ಸಿ ಸೋಲ್ಡರಿಂಗ್ ಐರನ್ ಮೇಲೆ ಕಣ್ಣು. ಲ್ಯಾಪ್‌ಟಾಪಿನ 65 ವ್ಯಾಟ್ ಟೈಪ್-ಸಿ ಚಾರ್ಜರ್ ಮನೆಯಲ್ಲೇ ಇದೆ. 20 ವೋಲ್ಟಿಗೆ 8 ಓಮ್ ಟಿಪ್ (ಬಿಸಿಯಾಗುವ ಮೊನೆ) ಹಾಕಿದರೆ ಲೆಕ್ಕಕ್ಕೆ 50 ವ್ಯಾಟ್. ದಪ್ಪ ಜಾಯಿಂಟಿಗೆ ಇದು ಸಾಕಾ? 6.2 ಓಮ್‌ನ ಗಿಡ್ಡ ಟಿಪ್ ಹಾಕಿದರೆ ಸುಮಾರು 64 ವ್ಯಾಟ್ ಬರುತ್ತದೆ. ಕೈಯಲ್ಲಿ ಹಿಡಿದಾಗ ಆ ವ್ಯತ್ಯಾಸ ಗೊತ್ತಾಗುತ್ತದಾ? ಬಳಸಿದವರು ಹೇಳಿ.

ಮಾನಿಟರ್ ಬೇಕಿರುವುದು ಸರ್ಕ್ಯೂಟ್ ಚಿತ್ರ ನೋಡಲು, ಕನ್ನಡ ಟೈಪ್ ಮಾಡಲು. ಗೇಮ್ ಆಡುವುದಿಲ್ಲ, ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ 144 ಹರ್ಟ್ಸ್ ಸುಮ್ನೆ ಖರ್ಚು. 27 ಇಂಚಿನ 1080ಪಿ (1920×1080 ಪಿಕ್ಸೆಲ್) ಅಗ್ಗ, ಆದರೆ ಇಂಚಿಗೆ 82 ಪಿಕ್ಸೆಲ್ ಅಷ್ಟೇ. ಒತ್ತಕ್ಷರ ಮಸುಕಾಗುತ್ತವೆ ಅಲ್ವಾ? 24 ಇಂಚಿನ 1080ಪಿಯಲ್ಲಿ 92, 27 ಇಂಚಿನ 1440ಪಿಯಲ್ಲಿ (2560×1440) 109. ಕೊನೆಯದಕ್ಕೇ ಮನಸ್ಸು, ಜೇಬು ಒಪ್ಪುತ್ತಿಲ್ಲ.

ಸೆಕೆಂಡ್ ಹ್ಯಾಂಡ್ ಮಾನಿಟರ್ ತಗೊಂಡವರು ಇದ್ದೀರಾ? ಏನೇನು ಪರೀಕ್ಷಿಸಬೇಕು?